ಅತ್ತಿಗೆ ಕೀ ಗೆದ್ದ ಸಂಜೆ

ಕಳೆದ ವಾರ ಕುವೈಟಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಟೈರ್ ಅಂಗಡಿಯ ಮುಂದೆ ಕಾಯುತ್ತ ಕೂತಿದ್ದೆ. ಕೆಲಸದವನು ನನ್ನ ಗಾಡಿಯ ಸವೆದ ಟೈರಿನ ವಾಲ್ವ್ ಬಿಚ್ಚಿದ್ದೇ ತಡ, ಒಳಗಿನ ಗಾಳಿ ಬುಸ್ಸೆಂದು ಹೊರಬಂತು. ತಿಂಗಳುಗಟ್ಟಲೆ ಟೈರಿನೊಳಗೆ ಕೂತ ಗಾಳಿಗೆ ಅದರದೇ ಒಂದು ವಾಸನೆ ಇರುತ್ತದೆ, ಹಳೇ ರಬ್ಬರಿನದು, ತುಸು ಮುಗ್ಗಲು. ಹೊರಗೆ ತಲೆ ಸುಡುವ ಬಿಸಿಲು. ನನಗೆ ಮಾತ್ರ ಮೈಯೆಲ್ಲ ಚಳಿ ಎದ್ದ ಹಾಗಾಯಿತು. ಐರ್ಲೆಂಡಿನ ಕಡಲತೀರ, ಜಿನುಗುವ ಮಳೆ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಾಡಿಗೆ ಗಾಡಿಯ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ನನ್ನ ಅತ್ತಿಗೆ...

ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ನಾನು ಲ್ಯಾಬ್ ಟೆಕ್ನಿಷಿಯನ್ ಕೆಲಸ ಹಿಡಿದು ಮೈಸೂರಿನಿಂದ ಕುವೈಟಿಗೆ ಬಂದಾಗ, ಖೈತಾನಿನ ತಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ಕೋಣೆಯನ್ನು ನನಗೆ ಬಿಟ್ಟುಕೊಟ್ಟವರು. ಇಂಡಿಯನ್ ಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆದರೆ ಒಂದು ವಿಷಯ ಅವರ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ನಗುನಗುತ್ತಲೇ ಎದುರಿನವರನ್ನು ಸುಸ್ತು ಮಾಡುತ್ತಿದ್ದರು. ಅಣ್ಣ ತದ್ವಿರುದ್ಧ. ಅವನದು ಮೊದಲು ಕೂಗು, ಆಮೇಲೆ ಯೋಚನೆ.

ಕುವೈಟಿನಲ್ಲಿ ಗಾಡಿ ಓಡಿಸಲು ಬಾರದಿದ್ದರೆ ಕೈಕಾಲು ಕಟ್ಟಿಹಾಕಿದ ಹಾಗೆ. ಅದಕ್ಕೇ ಅತ್ತಿಗೆ ಡ್ರೈವಿಂಗ್ ಕಲಿಯಲು ಹೊರಟರು. ಅಣ್ಣ ಒಂದೇ ಒಂದು ದಿನ ಹೇಳಿಕೊಟ್ಟ. ಆ ದಿನದ ಕೂಗಾಟ ಕೇಳಿ ಬಿಲ್ಡಿಂಗಿನ ಕಾವಲುಗಾರ ಓಡಿಬಂದಿದ್ದ. ಆಮೇಲೆ ಅತ್ತಿಗೆ ಅವನ ಸಹವಾಸವೇ ಬೇಡವೆಂದು ತಮ್ಮ ಶಾಲೆಯ ಗೆಳತಿಯನ್ನು ಹಿಡಿದರು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಹಿಂದಿ ಟೀಚರು. ಅವರ ಗಂಡನ ಹಳೇ ಗೇರಿನ ಪಿಕಪ್ಪಿನಲ್ಲಿ ಶುಕ್ರವಾರ ಬೆಳಿಗ್ಗೆ ಊರಾಚೆಯ ಮರಳಿಗೆ ಹೋಗುವುದು, ಅಲ್ಲಿ ಯಾರಿಗೂ ತೊಂದರೆಯಾಗದ ಹಾಗೆ ಕಲಿಯುವುದು. ತೊಂದರೆ ಆದದ್ದೆಲ್ಲ ಪಿಕಪ್ಪಿಗೇ. ಹೋದಾಗೆಲ್ಲ ಅತ್ತಿಗೆ ಮರಳಿನಲ್ಲಿ ಹೂತು ಕೂರುತ್ತಿದ್ದರು. ಮನೆಗೆ ಬಂದು ಬೂಟಿನಿಂದ ಮರಳು ಕೊಡವುವಾಗ ಅಣ್ಣ, "ಏನು, ಇವತ್ತೂ ಗಾಡಿ ನೆಟ್ಟು ಬಂದ್ಯಾ?" ಎಂದು ರೇಗಿಸುತ್ತಿದ್ದ. ಟೆಸ್ಟಿನಲ್ಲೂ ಹಲವು ಸಲ ಫೇಲಾದರು. ಕೊನೆಗೊಮ್ಮೆ ಪಾಸಾಗಿ ಬಂದರು.

ಲೈಸೆನ್ಸ್ ಸಿಕ್ಕಿತು, ಕೀ ಸಿಗಲಿಲ್ಲ. ಅಣ್ಣನನ್ನು ಕರೆದೊಯ್ಯಲು ಆಫೀಸಿನ ಗಾಡಿಯೇ ಬರುತ್ತಿತ್ತು. ಮನೆಯ ಗಾಡಿ ಹಗಲಿಡೀ ಕೆಳಗೆ ಧೂಳು ತಿನ್ನುತ್ತಿತ್ತು. ಆದರೂ ಕೀ ಮಾತ್ರ ಅಣ್ಣನ ಪ್ಯಾಂಟಿನ ಜೇಬಿನಲ್ಲೇ ಆಫೀಸಿಗೆ ಹೋಗಿ ಬರುತ್ತಿತ್ತು! ಕೇಳಿದರೆ, "ಇಲ್ಲಿನ ಟ್ರಾಫಿಕ್ ನಿನಗೆ ಆಗಲ್ಲ ಕಣೇ" ಎನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಅತ್ತಿಗೆ ಸುಮ್ಮನೆ ಸ್ಕೂಲ್ ಬಸ್ಸು ಹತ್ತುತ್ತಿದ್ದರು.

ಆ ಬೇಸಿಗೆ ರಜೆಗೆ ಮುಂಚೆ ಅವರ ಪ್ರಿನ್ಸಿಪಾಲರು ಕರೆದು ಸೂಪರ್‌ವೈಸರ್ ಹುದ್ದೆ ಕೊಡುತ್ತೇವೆಂದರು. ಹೈಸ್ಕೂಲು ವಿಭಾಗ ಪೂರ್ತಿ ಅವರ ಕೈಗೆ. ಷರತ್ತು ಒಂದೇ. ಬಸ್ಸುಗಳು ಬರುವ ಮೊದಲೇ ಶಾಲೆಯಲ್ಲಿರಬೇಕು, ಎಲ್ಲ ಬಸ್ಸು ಹೊರಟ ಮೇಲೆ ಮನೆಗೆ ಬರಬೇಕು. ಅಂದರೆ ಸ್ವಂತ ಗಾಡಿ ಬೇಕು. ಅಣ್ಣ, "ಖಲಾಸ್, ಆಗಲ್ಲ ಅಂತ ಹೇಳ್ಬಿಡು" ಎಂದ. ಅತ್ತಿಗೆ ಹೇಳಲಿಲ್ಲ. ರಜೆ ಮುಗಿಸಿ ಬಂದು ಉತ್ತರ ಕೊಡುತ್ತೇನೆಂದು ಕಾಲಾವಕಾಶ ಕೇಳಿಬಂದರು. ಆ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಮ್ಮ ಜೊತೆ ಐರ್ಲೆಂಡಿಗೆ ಹೊರಟರು.

ಐರ್ಲೆಂಡು ಅಣ್ಣನ ಆಯ್ಕೆ. ಅವನ ಆಫೀಸಿನ ಐರಿಷ್ ಎಂಜಿನಿಯರೊಬ್ಬ ತನ್ನ ಊರಿನ ಹಸಿರನ್ನು ವರ್ಣಿಸಿ ವರ್ಣಿಸಿ ಇವನ ತಲೆ ಕೆಡಿಸಿದ್ದ. ಅಣ್ಣ, ಅತ್ತಿಗೆ, ಅವರ ಮಗಳು, ನಾನು. ಬಾಡಿಗೆಗೆ ತೆಗೆದುಕೊಂಡ ಗಾಡಿಗೆ ಎರಡನೇ ಡ್ರೈವರ್ ಬೇಕೇ ಎಂದು ಕೌಂಟರಿನ ಹುಡುಗಿ ಕೇಳಿದಾಗ ಅಣ್ಣ ಬೇಡ ಅನ್ನುವಷ್ಟರಲ್ಲಿ ಅತ್ತಿಗೆ ಹೂಂ ಅಂದು ಲೈಸೆನ್ಸ್ ಮುಂದಿಟ್ಟಿದ್ದರು. ಆದರೂ ಓಡಿಸಿದ್ದೆಲ್ಲ ಅಣ್ಣನೇ. ಅಲ್ಲಿ ನಮ್ಮೂರಿನ ಹಾಗೆ ಸ್ಟೀರಿಂಗ್ ಬಲಕ್ಕೆ, ಗೇರು ಎಡಕ್ಕೆ. ಕುವೈಟಿನ ಅಭ್ಯಾಸಕ್ಕೆ ಅಣ್ಣನ ಬಲಗೈ ಗೇರು ಹುಡುಕಿ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ಪ್ರತಿ ಸಲ ಬಡಿದಾಗಲೂ ಮಗಳು ಹಿಂದಿನಿಂದ "ಸಾರಿ ಡೋರ್" ಅನ್ನುತ್ತಿದ್ದಳು. ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದರು.

ಹಾಗೆ ನಗುನಗುತ್ತಲೇ ರಜೆ ಮುಗಿಯುತ್ತ ಬಂತು. ಕೊನೆಯ ದಿನಗಳಲ್ಲಿ ಅತ್ತಿಗೆಯ ಮಾತು ಕಡಿಮೆಯಾಗಿತ್ತು. ತಿಂಡಿಯ ಮೇಜಿನ ಮುಂದೆ ಕೂತು ಹೊರಗಿನ ಮಳೆ ನೋಡುತ್ತಿದ್ದರು. ಒಮ್ಮೆ ನನ್ನೊಬ್ಬಳಿಗೇ ಕೇಳುವಂತೆ, "ಹೋದ ತಕ್ಷಣ ಹೇಳ್ಬೇಕಲ್ಲಮ್ಮ" ಅಂದರು. ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಡಬ್ಲಿನ್‌ಗೆ ಹೊರಡುವ ಹಿಂದಿನ ದಿನ ಸಂಜೆ, ಕೆರ್ರಿ ಕಡೆಯ ಒಂದು ಉದ್ದನೆಯ ಕಡಲತೀರಕ್ಕೆ ಹೋದೆವು. ಗಾಡಿಗಳನ್ನು ಮರಳಿನವರೆಗೂ ಇಳಿಸಬಹುದಾದ ಜಾಗ. ಇಳಿಜಾರಿನ ಬುಡದ ಗಟ್ಟಿ ಮರಳಿನಲ್ಲಿ ಊರಿನವರ ಕೆಲವು ಕಾರು ನಿಂತಿದ್ದವು. ಅಲ್ಲೇ ನಿಲ್ಲಿಸಿ ನಡೆದು ಹೋಗೋಣವೆಂದು ಅತ್ತಿಗೆ ಹೇಳಿದರು.

"ನಡೆಯೋದಾ? ನಾವು ಕುವೈಟ್‌ನಿಂದ ಬಂದವರು ಕಣೇ!" ಎಂದ ಅಣ್ಣ.

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕೂಡ ಕಿಟಕಿಗೇ ಬರುವ ಊರಿನವರು ನಾವು. ನಾಲ್ಕು ಹೆಜ್ಜೆ ನಡೆಯುವುದೆಂದರೆ ಅವಮಾನ. ಅಣ್ಣ ಎಲ್ಲರ ಕಾರು ದಾಟಿ ನೀರಿನ ಹತ್ತಿರದವರೆಗೂ ಗಾಡಿ ತಂದು ನಿಲ್ಲಿಸಿದ. ಚಂದದ ಜಾಗವೇ. ಮಗಳು ಚಿಪ್ಪು ಆರಿಸಿದಳು, ನಾವು ಫ್ಲಾಸ್ಕಿನ ಕಾಫಿ ಕುಡಿದೆವು. ಹಿಂದಿದ್ದ ಕಾರುಗಳು ಒಂದೊಂದೇ ಹೊರಡುತ್ತಿದ್ದುದನ್ನು ಗಮನಿಸಿದವರು ಅತ್ತಿಗೆ ಮಾತ್ರ.

"ರೀ, ನೀರು ಏರ್ತಾ ಇದೆ. ಹೊರಡೋಣ."

ಅಣ್ಣ ಗಾಡಿ ಶುರು ಮಾಡಿ ಹಿಂದಕ್ಕೆ ತೆಗೆದ. ಅರ್ಧ ಮಾರು ಬಂದು ಮುಂದಿನ ಚಕ್ರಗಳು ಮರಳಿನಲ್ಲಿ ತಿರುಗತೊಡಗಿದವು. ಅವನು ಆಕ್ಸಿಲರೇಟರ್ ಒತ್ತಿದ. ಇನ್ನೂ ಒತ್ತಿದ. ಗಾಡಿ ಹೊಟ್ಟೆಯವರೆಗೂ ಕೂತಿತು. ಅವನನ್ನು ಬಿಟ್ಟು ನಾವೆಲ್ಲ ಕೆಳಗಿಳಿದೆವು. ನಾಯಿ ಹಿಡಿದು ಓಡಾಡುತ್ತಿದ್ದ ಊರಿನ ಮುದುಕರೊಬ್ಬರು ಓಡಿಬಂದು, ಟ್ರ್ಯಾಕ್ಟರ್ ಇರುವವನ ಮನೆ ದೂರ, ಅವನು ಬರುವಷ್ಟರಲ್ಲಿ ಉಬ್ಬರ ಇಲ್ಲಿಗೆ ಮುಟ್ಟುತ್ತದೆ, ಹೋದ ವರ್ಷವೂ ಒಂದು ಕಾರನ್ನು ಸಮುದ್ರ ತೆಗೆದುಕೊಂಡಿತು ಎಂದರು. ಮಗಳು ಅಳತೊಡಗಿದಳು. ಅಣ್ಣ ಮತ್ತೆ ಆಕ್ಸಿಲರೇಟರ್ ತುಳಿದ. ಮರಳು ನಮ್ಮೆಲ್ಲರ ಮುಖಕ್ಕೆ ಎರಚಿತು.

"ಎಂಜಿನ್ ನಿಲ್ಸಿ. ಇಳೀರಿ," ಎಂದರು ಅತ್ತಿಗೆ. ಅಣ್ಣ ಇಳಿದ. ಅವರು ಅಂಗೈ ಚಾಚಿದರು. "ಕೀ ಕೊಡಿ."

"ನಿನಗೆ ಆಗಲ್ಲ."

"ಗಾಡಿ ಹೊರಗೆ ಬಂದ್ರೆ, ಸ್ಕೂಲ್ ಶುರುವಾಗೋ ದಿನದಿಂದ ನಮ್ಮನೆ ಗಾಡಿ ಕೀ ನನ್ನ ಹತ್ರ ಇರತ್ತೆ. ಬರ್ದೇ ಹೋದ್ರೆ ನಾನೇ ಪ್ರಿನ್ಸಿಪಾಲ್‌ಗೆ ಫೋನ್ ಮಾಡಿ ಬೇಡ ಅಂತೀನಿ. ಈ ಮಾತು ಇನ್ನು ಎತ್ತಲ್ಲ."

"ಇದನ್ನ ಮಾತಾಡೋ ಹೊತ್ತೇನೇ ಇದು?"

"ಇದೇ ಹೊತ್ತು."

ಅಣ್ಣ ಸಮುದ್ರ ನೋಡಿದ, ಗಾಡಿ ನೋಡಿದ, ಕೀ ಕೊಟ್ಟ. ನಾನು ಗಾಡಿಗಾಗಿ ಅಲ್ಲ, ಅತ್ತಿಗೆಯ ಕೆಲಸ ಉಳಿಯಲೆಂದು ಚಾಮುಂಡಿಗೆ ಹರಕೆ ಹೊತ್ತೆ.

ಆಮೇಲೆ ನೋಡಬೇಕಿತ್ತು ಅವರನ್ನು. ದುಪಟ್ಟಾ ಸೊಂಟಕ್ಕೆ ಹೋಯಿತು. ಕೂದಲಿನಿಂದ ಒಂದು ಪಿನ್ನು ಕಿತ್ತು ಮುಂದಿನ ಟೈರಿನ ವಾಲ್ವಿಗೆ ಒತ್ತಿದರು. ಗಾಳಿ ಬುಸ್ಸೆಂದಿತು. ಬಾಡಿಗೆ ಗಾಡಿಯ ಟೈರು ಮುಟ್ಟಬೇಡ ಎಂದು ಅಣ್ಣ ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡ. ಅತ್ತಿಗೆ ಆಗಾಗ ಪಿನ್ನು ತೆಗೆದು, ಚಪಾತಿ ಹಿಟ್ಟಿನ ಹದ ನೋಡುವ ಹಾಗೆ ಟೈರು ಒತ್ತಿ ನೋಡುತ್ತಿದ್ದರು. ನಾಲ್ಕೂ ಟೈರು ಅರೆಬರೆ ಇಳಿದು, ಮರಳಿನಲ್ಲಿ ಹೂಳದಷ್ಟು ಅಗಲವಾದವು. ನಾವೆಲ್ಲ, ಆ ಮುದುಕರೂ ಸೇರಿ, ಚಕ್ರದ ಹಿಂದಿನ ಮರಳನ್ನು ಕೈಯಲ್ಲೇ ತೋಡಿದೆವು. ಕಾಲಡಿಯ ಮ್ಯಾಟುಗಳನ್ನು ಕಿತ್ತು ಅಲ್ಲಿ ತುರುಕಿದೆವು. ನೀರಿನ ಮೊದಲ ನಾಲಿಗೆ ಮುಂದಿನ ಚಕ್ರ ಸವರಿ ಹಿಂದೆ ಸರಿಯಿತು.

ಅತ್ತಿಗೆ ಒಳಗೆ ಕೂತು ಸ್ಟೀರಿಂಗ್ ನೆಟ್ಟಗೆ ಮಾಡಿದರು. "ಯಲ್ಲಾ, ಎಲ್ಲ ಮುಂದೆ ಹೋಗಿ ತಳ್ಳಿ. ರೀ, ನೀವೂ!" ಎಂಜಿನ್ ಕೂಗಲಿಲ್ಲ, ಮೆಲ್ಲಗೆ ಗುರುಗುಟ್ಟಿತು ಅಷ್ಟೆ. ಗಾಡಿ ಅಲುಗಿತು. ಮತ್ತೆ ಕೂತಿತು. ಅವರು ಅವಸರ ಮಾಡಲಿಲ್ಲ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಸ್ವಲ್ಪ ಮುಂದೆ... ಮೂರನೆಯದೋ ನಾಲ್ಕನೆಯದೋ ಪ್ರಯತ್ನಕ್ಕೆ ಗಾಡಿ ಮ್ಯಾಟು ಹತ್ತಿತು, ತಾನು ಬಂದ ಜಾಡನ್ನೇ ಹಿಡಿದು ಹಿಮ್ಮುಖವಾಗಿ ಓಡತೊಡಗಿತು. ನಿಲ್ಲಲೇ ಇಲ್ಲ. ತಳ್ಳುತ್ತಿದ್ದ ಅಣ್ಣ ಮೊಣಕಾಲೂರಿ ನೀರಿಗೆ ಬಿದ್ದ. ಅತ್ತಿಗೆ ಇಳಿಜಾರಿನ ಗಟ್ಟಿ ನೆಲ ಮುಟ್ಟಿದ ಮೇಲೆಯೇ ಬ್ರೇಕ್ ಹಾಕಿ, ಉದ್ದಕ್ಕೆ ಒಂದು ಹಾರ್ನ್ ಹೊಡೆದರು.

ನಾನು ಕಿರುಚಿದೆ. ಮಗಳು ಕುಣಿದಳು. ಆ ಮುದುಕರು ಟೋಪಿ ತೆಗೆದು ಅತ್ತಿಗೆಯ ಕಡೆ ಬೀಸಿ, ಇಂಥದ್ದನ್ನು ನಾನು ನೋಡಿಲ್ಲ ತಾಯಿ ಎಂಬರ್ಥದ ಏನನ್ನೋ ಹೇಳಿದರು. ಒದ್ದೆ ಪ್ಯಾಂಟಿನಲ್ಲಿ ಮೇಲೆ ಬಂದ ಅಣ್ಣ, ಚಾಲಕರ ಬಾಗಿಲಿನ ಹತ್ತಿರ ಒಂದು ಗಳಿಗೆ ನಿಂತ. ಅತ್ತಿಗೆ ಇಳಿಯಲಿಲ್ಲ. ಅವನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು, "ಎಲ್ಲಿ ಕಲಿತೆ ಇದನ್ನ?" ಅಂದ.

"ನೆಟ್ಟು ನೆಟ್ಟು ಕಲಿತೆ," ಅಂದರು ಅತ್ತಿಗೆ.

ಊರಿನ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಿಕೊಂಡೆವು. ಮಾರನೆಯ ದಿನ ಡಬ್ಲಿನ್ ಏರ್‌ಪೋರ್ಟಿನವರೆಗೂ ಅತ್ತಿಗೆಯೇ ಓಡಿಸಿದರು. ಅವರ ಕೈ ಒಂದು ಸಲವೂ ಬಾಗಿಲಿಗೆ ಬಡಿಯಲಿಲ್ಲ. ಅಣ್ಣ ಮಾತ್ರ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತ ಕೂತಿದ್ದ.

ಕುವೈಟಿಗೆ ಬಂದ ಮೇಲೆ ಅಣ್ಣ ಮಾತು ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಶಾಲೆ ಶುರುವಾದ ಬೆಳಿಗ್ಗೆ ಕೀಯನ್ನು ಕಾಫಿ ಲೋಟದ ಪಕ್ಕ ತಾನೇ ಇಟ್ಟ. ಅತ್ತಿಗೆ ಸೂಪರ್‌ವೈಸರ್ ಆದರು. ಸುದ್ದಿ ಕೇಳಿದ ಉಳ್ಳಾಲದ ಗೆಳತಿ ಮನೆಗೇ ಬಂದು, "ನಮ್ಮ ಹೊಯಿಗೆ ದಂಡ ಆಗ್ಲಿಲ್ಲ ಮಾರಾಯ್ತಿ!" ಎಂದು ಅತ್ತಿಗೆಯ ಬೆನ್ನಿಗೆ ಗುದ್ದಿದರು. ಅವರ ಕಡೆ ಮರಳಿಗೆ ಹೊಯಿಗೆ ಅನ್ನುತ್ತಾರೆ. ಮುಂದಿನ ವರ್ಷಗಳಲ್ಲಿ ಆ ಗಾಡಿ ಬಿಲ್ಡಿಂಗಿನ ಹೆಂಗಸರನ್ನೆಲ್ಲ ಹೊತ್ತು ತಿರುಗಿತು. ಡಾಕ್ಟರ ಹತ್ತಿರ, ಮಾರ್ಕೆಟ್ಟಿಗೆ, ರುಮೈಥಿಯಾದಲ್ಲಿದ್ದ ಆ ಗೆಳತಿಯ ಮನೆಗೆ. ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ, ಅದೇ ಮರಳಿನಲ್ಲಿ, ಒಂದು ಸಲವೂ ಕೂಗದೆ.

ಅತ್ತಿಗೆ ಹೋಗಿ ಈಗ ಕೆಲವು ವರ್ಷವಾಯಿತು. ಕಾಯಿಲೆ ಗೊತ್ತಾದ ಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ವಾರದವರೆಗೂ ಶಾಲೆಗೆ ತಾವೇ ಓಡಿಸಿಕೊಂಡು ಹೋಗಿದ್ದರು. ಅವರಿಲ್ಲದ್ದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಏನಾದರೂ ಗೆದ್ದ ದಿನ ಮೊದಲು ಹೇಳಬೇಕೆನಿಸುವುದು ಅವರಿಗೇ...

ಅವರ ಗಾಡಿಯನ್ನು ಅಣ್ಣ ಮಾರಲಿಲ್ಲ. ಬ್ಯಾಟರಿ ಸಾಯಬಾರದೆಂದು ಶುಕ್ರವಾರ ಕೆಳಗಿಳಿದು ಒಂದು ಸುತ್ತು ಓಡಿಸಿ ಬರುತ್ತಾನೆ. ಮೊನ್ನೆ ನಾನು ಅವನ ಮನೆಗೆ ಹೋದಾಗ ಅವನು ಆಗಷ್ಟೇ ಗಾಡಿಯಲ್ಲಿ ಕೂತಿದ್ದ. ಅತ್ತಿಗೆ ಕುಳ್ಳಗಿದ್ದವರು, ಸೀಟನ್ನು ಸ್ಟೀರಿಂಗಿನ ಹತ್ತಿರಕ್ಕೆ ಎಳೆದುಕೊಂಡು ಓಡಿಸುತ್ತಿದ್ದರು. ಅಣ್ಣ ಆರಡಿಯ ಆಳು. ಮೊಣಕಾಲು ಎರಡೂ ಸ್ಟೀರಿಂಗಿಗೆ ತಾಗಿ, ಬೆನ್ನು ಬಾಗಿಸಿ ಮುದುಡಿ ಕೂತಿದ್ದ. ಸೀಟು ಹಿಂದಕ್ಕೆ ತಳ್ಳಬಾರದೇ, ಕೆಳಗೇ ಹಿಡಿ ಇದೆಯಲ್ಲ ಎಂದೆ.

"ಇದು ಅವಳ ಗಾಡಿ ಕಣೇ," ಎಂದ ಅಣ್ಣ. "ಸೀಟ್ ತಳ್ಳೋಕೆ ನಾನ್ಯಾರು?"