ಗುರುಗ್ರಹದ ಗೆರೆಯಲ್ಲೊಂದು ಉಬ್ಬು

ರೊಟ್ಟಿ ಬಡಿಯುತ್ತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೇ ಮಗಳು ವಿಶ್ವವಿದ್ಯಾಲಯದಿಂದ ಲಿಂಗಂಪಲ್ಲಿಯ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಳು.

“ಅವ್ವಾ, ನಾ ಹಿಡಿದದ್ದು ಗುರುಗ್ರಹದ್ದಲ್ಲ.”

ಗುರುಗ್ರಹದ ಕಾಂತಕ್ಷೇತ್ರ ಅವಳ ಪಿಎಚ್‌ಡಿ ವಿಷಯ. ಗುರುವಾರ ತಪ್ಪದೆ ಒಪ್ಪತ್ತು ಮಾಡುವ ನನಗೆ ಅದೊಂದು ಹೆಚ್ಚಿನ ಸಂತೋಷ. ಅಲ್ಲಿ ಸುತ್ತುವ ನೌಕೆ ಕಳಿಸಿದ ಅಂಕಿಗಳಿಂದ ಅವಳು ಗೆರೆ ಎಳೆಯುವಳು. ಗೆರೆಯಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಉಬ್ಬೊಂದನ್ನು ಕಂಡು ಇಡೀ ಅಧ್ಯಾಯ ಬರೆದಿದ್ದಳು. ಪ್ರಬಂಧ ಒಪ್ಪಿಸಲು ವಾರವಷ್ಟೇ ಉಳಿದಿತ್ತು. ಈಗ ನೋಡಿದರೆ, ನೌಕೆಯನ್ನು ಬೆಚ್ಚಗಿಡುವ ಹೀಟರ್ ಚಾಲೂ ಆದಾಗಲೆಲ್ಲ ಅದರ ಕರೆಂಟಿನಿಂದ ಆ ಉಬ್ಬು ಏಳುತ್ತಿತ್ತಂತೆ.

“ಅಳೆಯೋ ಯಂತ್ರ ದೂರ ಇಡಬಾರದೇನ?”

“ಇಟ್ಟಾರವ್ವಾ. ಉದ್ದನ ಕೋಲಿನ ತುದಿಗೆ, ನಿನ್ನ ಮಡಿ ಸೀರಿ ಗಳಕ್ಕ ಹಾಕಿದಂಗ. ಆದ್ರೂ ಹೀಟರಿಂದು ಮುಟ್ಟೇತಿ.”

“ಯಾರ್‍ಯಾರಿಗೆ ಗೊತ್ತೈತಿ?”

“ನನಗೊಬ್ಬಾಕಿಗೇ. ನಮ್ಮ ಗೈಡ್ ಸರ್ ಓದಿ ಭೇಷ್ ಅಂದ್ಬಿಟ್ಟಾರ.”

ಫೆಲೋಶಿಪ್ ಆ ತಿಂಗಳು ಮುಗಿಯುವುದಿತ್ತು. ಪ್ರಬಂಧ ತಡವಾದರೆ ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸಿಗೆ ಸೇರಬೇಕೆಂದು ಅವಳಪ್ಪ ಹೇಳಿಯಾಗಿತ್ತು. “ಊರೆಲ್ಲ ಜಾವಾ ಕಲಿಯಾಕತ್ತೈತಿ, ನಿಮ್ಮ ಮಗಳು ಚುಕ್ಕಿ ಎಣಸಾಕತ್ತಾಳ ನೋಡ್ರಿ ವೈನಿ,” ಎಂದು ನನ್ನ ಮೈದುನ ಬಂದಾಗಲೆಲ್ಲ ನಗುತ್ತಿದ್ದ.

ಮಡಿಯಲ್ಲಿರುವಾಗ ಯಾರೂ ನೋಡದಿದ್ದರೂ, ಮೈಲಿಗೆ ಬಟ್ಟೆ ತಾಕಿದರೆ ನಾನು ಮತ್ತೆ ತಲೆಗೆ ನೀರು ಹಾಕಿಕೊಳ್ಳುತ್ತೇನೆ, ಎಂಥ ಚಳಿಯಿರಲಿ. ಅವಳು ಚಿಕ್ಕಂದಿನಿಂದ ಅದನ್ನು ಕಂಡವಳೇ.

“ಮುಟ್ಟಿದ್ದು ಮುಟ್ಟೇತಿ. ಇನ್ನೊಮ್ಮೆ ಮಿಂದ್ರಾತು,” ಎಂದೆ. “ಹೋಗು, ಸರ್‌ಗೆ ಫೋನ್ ಮಾಡು.”

“ಮೀಯೂದು ಐದು ನಿಮಿಷದ್ದವ್ವಾ, ಇದು ಆರು ತಿಂಗಳದ್ದು!” ಎಂದು ರೇಗಿದಳು. ಆದರೂ ಎದ್ದು ಹೋದಳು. ಫೋನಿನಲ್ಲಿ ಅರ್ಧ ಇಂಗ್ಲಿಷು, ಅರ್ಧ ತೆಲುಗು. ಆಮೇಲೆ ಬಹಳ ಹೊತ್ತು ಬರೀ “ಸರ್, ಸರ್”. ದೇವರ ಗೂಡಿನತ್ತ ನೋಡುತ್ತ ನಿಂತ ನಾನು ಹೆಂಚಿನ ಮೇಲಿನ ರೊಟ್ಟಿ ಕರಕು ಮಾಡಿದೆ.

“ಬೈದ್ರೇನ?”

“ಭಾಳ ಬೈದ್ರು. ಹೀಟರಿಂದು ಕಳದು ಉಳದದ್ದಷ್ಟ ಬರಿ, ಫೆಲೋಶಿಪ್ ಇನ್ನಾರು ತಿಂಗಳು ಹೆಚ್ಚಿಗಿ ಕೊಡಸ್ತೀನಿ ಅಂದ್ರು. ತಾವಾಗೇ ಬಂದು ಹೇಳಿದವರು ಕಡಿಮಿ ಅಂತನೂ ಅಂದ್ರು.”

ಅವಳಪ್ಪನಿಗೂ ಮೈದುನನಿಗೂ ನಾನೇ ಹೇಳುತ್ತೇನೆಂದೆ. ಆರು ತಿಂಗಳು ಕೊಟ್ಟ ದೇವರು ಮುಂದಿನದನ್ನೂ ನೋಡಿಕೊಳ್ಳುತ್ತಾನೆ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಬೈಗುಳ ಫೋನಿನಲ್ಲೇ ಮುಗಿದದ್ದು ಒಂದು ಪುಣ್ಯ, ಅವಳು ಕುಳಿತು ಎರಡು ರೊಟ್ಟಿ ಉಂಡದ್ದು ಇನ್ನೊಂದು. ಅಷ್ಟರಲ್ಲಿ ಕೆಳಗೆ ನಲ್ಲಿಗೆ ನೀರು ಬಿಟ್ಟರು. ಕೊಡ ಎತ್ತಿಕೊಂಡು ಇಳಿದೆ.