ಮುಡಿ ಕಟ್ಟಿದ ಕಂಪ್ಯೂಟರ್

ಹೆಮ್ಮಾಡಿಯ ಸುಧಾಕರ ಅರ್ಧ ಆಯುಷ್ಯ ಕಳೆದದ್ದು ಸದ್ದು ಮಾಡುವುದರಲ್ಲೇ. ಮದುವೆಯಿರಲಿ, ಭಜನೆಯಿರಲಿ, ಅವನ ಮೈಕ್ ಸೆಟ್ ಬಾಯಿ ಬಿಟ್ಟರೆ ಮೂರು ಊರಿಗೆ ಪುಕ್ಕಟೆ ಕೇಳುತ್ತಿತ್ತು. ಅಂಥವನು ೨೦೦೪ರಲ್ಲಿ ಕಂಪ್ಯೂಟರ್ ತಂದು, ಮನೆಯ ಚಾವಡಿಯಲ್ಲೇ ರೆಕಾರ್ಡಿಂಗ್ ಸ್ಟುಡಿಯೋ ತೆರೆದ. ಆಮೇಲೆ ತಿಳಿಯಿತು: ಸದ್ದು ಮಾಡುವುದು ಸುಲಭ, ಅಡಗಿಸುವುದು ಮಾತ್ರ ಆ ದೇವರಿಗೇ ಪ್ರೀತಿ.

ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನು ಸದಾ ಗುಂಯ್ ಎನ್ನುತ್ತಿತ್ತು. ಭಜನಾ ಮಂಡಳಿಯವರ ತಾಳದ ಎದುರು ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಬಿದ್ದದ್ದು ಜಲಜಮ್ಮ ಹಾಡಲು ಬಂದ ದಿನ.

ಪಕ್ಕದ ಮನೆಯ ಜಲಜಮ್ಮನಿಗೆ ಎಪ್ಪತ್ತೆಂಟು. ಐವತ್ತು ವರ್ಷಗಳಿಂದ ಅವರ ಕುಟುಂಬದ ಒಂದು ಮದುವೆಯೂ ಅವರ ಶೋಭಾನೆ ಇಲ್ಲದೆ ನಡೆದಿರಲಿಲ್ಲ. ಈಗ ಮೊಮ್ಮಗಳು ದೀಕ್ಷಾಳ ಮದುವೆ, ಮುಂಬೈಯಲ್ಲಿ, ನಾಡಿದ್ದು. ಮಂಡಿನೋವಿನ ಜಲಜಮ್ಮನಿಗೆ ಬಸ್ಸು ಹತ್ತಲಾಗದು. ಹಾಡಾದರೂ ಹೋಗಲಿ ಎಂದು ಬೆಳಿಗ್ಗೆಯೇ ಬಂದು ಕೂತಿದ್ದರು. ನಾಲ್ಕು ಗಂಟೆಯ ಮುಂಬೈ ಬಸ್ಸಿಗೆ ಹೊರಟಿದ್ದ ಅವರ ತಮ್ಮ ಮಂಜಯ್ಯನ ಕೈಗೆ ಸಿಡಿ ಸೇರಬೇಕಿತ್ತು.

ಹಾಡಿದರು. ಸುಧಾಕರ ಹೆಡ್‌ಫೋನ್ ಹಾಕಿ ಕೇಳಿದ. ನೂಲಿನಂಥ ಸ್ವರ, ಅದರ ಮೇಲೆ ಗುಂಯ್! ಜೋರಾಗಿ ಹಾಡಿ ಎಂದರೆ ಸ್ವರ ಒಡೆಯುತ್ತಿತ್ತು. ಅವನು ಫ್ಯಾನಿನ ಧೂಳು ಒರೆಸಿದ, ಎಣ್ಣೆ ಬಿಟ್ಟ, ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಡಬ್ಬದ ಅಡಿಗಿಟ್ಟ. ಫ್ಯಾನು ಅಷ್ಟಕ್ಕೆಲ್ಲ ಜಗ್ಗುವ ಜಾತಿಯದ್ದಲ್ಲ.

ತಟ್ಟನೆ ಹೊಳೆಯಿತು. ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟುವುದನ್ನು ಅವನಿಗೆ ಅಪ್ಪ ಕಲಿಸಿದ್ದ. ಅಂಗಳದಿಂದ ಹುಲ್ಲು ತಂದು ಕಂಪ್ಯೂಟರ್ ಡಬ್ಬಕ್ಕೇ ಮುಡಿ ಕಟ್ಟಿಬಿಟ್ಟ!

"ಹ್ವಾಯ್, ಅದನ್ನ ಸಂತೆಗೆ ತಕಂಡ್ ಹೋತ್ರಿಯಾ?" ಎಂದಳು ಹೆಂಡತಿ ಸ್ವರ್ಣಲತಾ.

"ನಗಾಡ್ಬೇಡ. ಕೇಣ್, ಎಂತಾರೂ ಸದ್ದಿತ್ತಾ?"

ಇರಲಿಲ್ಲ. ಸುಧಾಕರನಿಗೆ ಕುಣಿಯುವಷ್ಟು ಖುಷಿ. ಜಲಜಮ್ಮ ಮತ್ತೆ ಹಾಡಿದರು. ಕೊನೆಯ ನುಡಿಗೆ ಬಂದಾಗ ಪರದೆ ಕಪ್ಪಾಯಿತು. ಹುಲ್ಲು ಕಿತ್ತು ಮುಟ್ಟಿದರೆ ಡಬ್ಬ ದೋಸೆ ಕಾವಲಿಯ ಹಾಗೆ ಸುಡುತ್ತಿತ್ತು. ಗಾಳಿ ಇಲ್ಲದೆ ಕಾದು ತಾನಾಗಿಯೇ ನಿಂತಿತ್ತು, ಹಾಡೂ ಉಳಿದಿರಲಿಲ್ಲ. ಗಂಟೆ ಎರಡೂವರೆ. ಅಜ್ಜಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ, ಅಳುವೇ ಬಂದಿತ್ತು.

ಜಲಜಮ್ಮ ಮಂಡಿ ಹಿಡಿದುಕೊಂಡು ಎದ್ದರು. "ಸುದಾಕ್ರ, ಆ ಪಾಪದ್ದರ ಉಸ್ರು ಕಟ್ಟುದ್ ಎಂತಕೆ? ಅದ್ ಇಲ್ಲೇ ಕೂಗ್ಲಿ ಮಾರಾಯ. ನಾನೇ ಒಳ್ಗ್ ಹೋತೆ" ಎಂದು ಅಕ್ಕಿ ಕೋಣೆಯತ್ತ ನಡೆದರು.

ಸುಧಾಕರ ಹಣೆ ಚಚ್ಚಿಕೊಂಡ. ಇಪ್ಪತ್ತು ವರ್ಷ ಮೆಷಿನ್ನು ಒಂದು ಕಡೆ, ಮೈಕು ಇನ್ನೊಂದು ಕಡೆ ಇಟ್ಟು ಬದುಕಿದವನು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಮೈಕ್ ಸೆಟ್ಟಿನ ಉದ್ದದ ವೈರು ಬಿಚ್ಚಿ ಬಾಗಿಲ ಸಂದಿಯಿಂದ ಒಳಗೆ ತೂರಿಸಿದ. ಕೋಣೆಯ ಮೂರೂ ಗೋಡೆಗೆ ಅಕ್ಕಿ ಮುಡಿಗಳನ್ನು ಸಾಲಾಗಿ ಪೇರಿಸಲಾಗಿತ್ತು. ನಡುವೆ ಮಣೆ ಹಾಕಿ ಅಜ್ಜಿಯನ್ನು ಕೂರಿಸಿ ಬಾಗಿಲು ಹಾಕಿದ. ಅಷ್ಟರಲ್ಲಿ ತಣಿದಿದ್ದ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಹಾಡು ಶುರು ಮಾಡಲು ಸೂಚನೆಯಾಗಿ ಒಂದು ಸಲ ಬಾಗಿಲು ತಟ್ಟಿದ.

ಹೆಡ್‌ಫೋನಿನಲ್ಲಿ ಮೊದಲು ಬಳೆ ಕಿಣಿಗುಟ್ಟಿತು. ಆಮೇಲೆ ಸ್ವರ, ಅದೊಂದೇ. ಬೈಹುಲ್ಲು ಪ್ರತಿಧ್ವನಿಯನ್ನೂ ನುಂಗಿಬಿಟ್ಟಿತ್ತು. ಚಾವಡಿಯಲ್ಲಿ ಫ್ಯಾನು ತನ್ನ ಪಾಡಿಗೆ ಗುಂಯ್ ಎನ್ನುತ್ತಿದ್ದರೆ, ಸುಧಾಕರ ಸ್ವರ್ಣಲತಾಳ ಕೈ ಗಟ್ಟಿಯಾಗಿ ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದ. ಸಿಡಿ ಹೊರಬಂದಾಗ ನಾಲ್ಕಕ್ಕೆ ಹತ್ತೇ ನಿಮಿಷ. ಸ್ಕೂಟರಿನಲ್ಲಿ ಹಾರಿ ಹೋಗಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಮಂಜಯ್ಯನ ಜೇಬಿಗೆ ತುರುಕಿದ.

ಮೂರನೆಯ ದಿನ ಸಂಜೆ ಸುಧಾಕರನ ಮನೆಗೆ ಫೋನು ಬಂತು. ದೀಕ್ಷಾ ಅಳುತ್ತಿದ್ದಳು.

"ಸುಧಾಕರಣ್ಣ, ಹಾಡುಕ್ ಮುಂಚೆ ಅಮ್ಮಮ್ಮ ಉಸ್ರು ಎಳ್ಕಂಡದ್ದೂ ಕೇಂತ್. ನನ್ ಹಿಂದೆ ಬಂದ್ ನಿಂತಿದ್ರೇನೋ ಅಂದೇಳಿ ನಾನ್ ತಿರ್ಗಿ ಕಂಡೆ."

ಸುಧಾಕರ ರಿಸೀವರ್ ಪಕ್ಕಕ್ಕಿಟ್ಟು, ಜಲಜಮ್ಮನನ್ನು ಕರೆಯಲು ಅಂಗಳಕ್ಕೆ ಓಡಿದ.