ಶಾಲೆ ಉಳಿಸಲು ಮಾಡಿದ ಸ್ಲೈಡುಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿ ಹತ್ತಿರದ ಮಹಾಪೆಯ ಒಂದು ಕಂಪನಿಯಲ್ಲಿ ಸ್ಲೈಡು ಮಾಡುವ ಕೆಲಸದಲ್ಲಿದ್ದೆ. ಸಾಹೇಬರು ಮೀಟಿಂಗಿನಲ್ಲಿ ಹೇಳಬೇಕಾದದ್ದನ್ನು ಪರದೆಯ ಮೇಲೆ ಕಾಣುವಂತೆ ಮಾಡುವುದು ನನ್ನ ಕೆಲಸ. ಮೊದಮೊದಲು ಪಾರದರ್ಶಕ ಹಾಳೆಗಳ ಮೇಲೆ ಮಾಡುತ್ತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ. ಒಂದು ಸ್ಲೈಡಿಗೆ ಒಂದೇ ಮಾತು ಸಾಕು, ಹಿಂದಿನ ಸಾಲಿನಲ್ಲಿ ಕೂತವನು ಕಣ್ಣು ಕಿರಿದು ಮಾಡುವಂತಿರಬಾರದು ಎಂದು ಕಲಿತುಕೊಂಡಿದ್ದೆ. ಚೆನ್ನಾಗಿ ಕಾಣಿಸಿದರೆ ಜನ ಕೇಳುತ್ತಾರೆ ಎಂದೂ ನಂಬಿದ್ದೆ.

ಡೊಂಬಿವಲಿಯಲ್ಲಿ ನಾನು ಓದಿದ ಕನ್ನಡ ಶಾಲೆಯ ದೊಡ್ಡ ಬಾಯಿ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಬಾಯಿ ಎಂದರೆ ಟೀಚರು; ಮುಖ್ಯೋಪಾಧ್ಯಾಯಿನಿಯನ್ನು ನಾವೆಲ್ಲ ದೊಡ್ಡ ಬಾಯಿ ಎಂದೇ ಕರೆಯುತ್ತಿದ್ದೆವು. ಕಲಬುರಗಿ ಕಡೆಯವರು. ನನಗೆ ಅಕ್ಷರ ಕಲಿಸಿದವರು. ಬರುವ ಜೂನಿನಿಂದ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವುದು ಬೇಡ, ಅದೇ ಕಟ್ಟಡದಲ್ಲಿ ಇಂಗ್ಲಿಷ್ ಮಾಧ್ಯಮ ಶುರುಮಾಡೋಣ ಎಂದು ಟ್ರಸ್ಟಿನವರು ಯೋಚಿಸುತ್ತಿದ್ದರಂತೆ. ತೀರ್ಮಾನಿಸುವ ಮೊದಲು ಇವರ ಮಾತನ್ನೂ ಕೇಳುತ್ತೇವೆ ಎಂದಿದ್ದರು.

"ನಾ ಬಾಯಿಲೆ ಹೇಳಿದ್ರ ಯಾರೂ ಕಿವಿಮ್ಯಾಲ ಹಾಕ್ಕೊಳಂಗಿಲ್ಲವ್ವಾ. ನಿಮ್ಮ ಕಂಪನ್ಯಾಗ ಮಾಡ್ತಿಯಲ್ಲ, ಹಂಗ ಮಾಡಿ ಕೊಡು. ಕಣ್ಣಿಗೆ ಕಂಡ್ರ ನಂಬ್ತಾರ."

ಶಾಲೆಯ ಆಫೀಸಿಗೆ ಯಾರೋ ದಾನ ಕೊಟ್ಟ ಕಂಪ್ಯೂಟರ್ ಇತ್ತು. ಹಲವು ಭಾನುವಾರ ನಾವಿಬ್ಬರೂ ಅದರ ಮುಂದೆ ಕೂತೆವು. ಕನ್ನಡದ ಅಕ್ಷರಗಳನ್ನು, ಅಂದರೆ ಫಾಂಟನ್ನು, ಠಾಣೆಯ ಒಬ್ಬ ಮುದ್ರಕರಿಂದ ಫ್ಲಾಪಿಯಲ್ಲಿ ತಂದು ಅದಕ್ಕೆ ಹಾಕಿದೆ. ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ನಮ್ಮ ಬರಹ ಓದಲು ಬರುತ್ತಿರಲಿಲ್ಲ, ತೆರೆದರೆ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ. ಕಂಪನಿಯಲ್ಲಿ ಕಲಿತದ್ದು ಇಲ್ಲಿ ಪೂರ್ತಿ ಉಪಯೋಗಕ್ಕೂ ಬರಲಿಲ್ಲ. ಇಂಗ್ಲಿಷಿಗೆ ಹೊಂದಿಸಿದ ಸಾಲುಗಳ ನಡುವೆ ನಮ್ಮ ಒತ್ತಕ್ಷರಗಳಿಗೆ ಜಾಗವಿರುತ್ತಿರಲಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಸಾಲುಗಳನ್ನು ಬಿಡಿಸಿ, ಮಾತು ಕಡಿಮೆ ಮಾಡಿದೆ. ಸಭೆಯ ಕೋಣೆಯ ಕಿಟಕಿ ಪರದೆಗಳು ತೆಳ್ಳಗಿದ್ದು ಬೆಳಕು ಒಳಗೆ ಬರುತ್ತಿದ್ದುದರಿಂದ ಬಿಳಿಯ ಮೇಲೆ ದಟ್ಟ ನೀಲಿ ಅಕ್ಷರ ಇಟ್ಟೆ.

ಬಾಯಿಯವರಿಗೆ ಎಲ್ಲವನ್ನೂ ಬರೆಸುವ ಆಸೆ. ಯಾವ ಮಗುವಿನ ಅಪ್ಪ ಕಲ್ಯಾಣದಲ್ಲಿ ಲೋಡಿಂಗ್ ಮಾಡುತ್ತಾನೆ, ಯಾರ ತಾಯಿ ಮುಂಬ್ರಾದ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ, ಮನೆಯಲ್ಲಿ ಯಾರಿಗೂ ಇಂಗ್ಲಿಷಿನ ಗಂಧವಿಲ್ಲ, ಹೀಗೆ. ಅಷ್ಟು ಬರೆದರೆ ಯಾರೂ ಓದುವುದಿಲ್ಲ ಬಾಯಿ ಎಂದೆ. ಅದರ ಬದಲು ಶಾಲೆಯ ಬಾಲವಾಡಿಯಲ್ಲಿದ್ದ ಮಕ್ಕಳ ಫೋಟೊ ಹಾಕಿದೆವು. ಕಪ್ಪು ಹಲಗೆಯ ಮುಂದೆ ಕೈಯೆತ್ತಿ ನಿಂತವರು, ಬೆಂಚಿನಲ್ಲಿ ಬಾಗಿ ಬರೆಯುತ್ತಿರುವವರು. ಕೆಳಗೆ ಒಂದೇ ಸಾಲು: ಈ ಮಕ್ಕಳು ಎಲ್ಲಿಗೆ ಹೋಗಬೇಕು?

ಸಭೆಯ ದಿನ ಬಾಡಿಗೆಗೆ ತಂದ ಪ್ರೊಜೆಕ್ಟರ್ ತಕರಾರಿಲ್ಲದೆ ಉರಿಯಿತು. ಬಾಯಿ ಮಾತಾಡಿದರು, ನಾನು ಗುಂಡಿ ಒತ್ತಿದೆ. ದೀಪ ಹಾಕಿದ ಮೇಲೆ ಚಪ್ಪಾಳೆಯೂ ಬಿತ್ತು. ಟ್ರಸ್ಟಿನ ಅಧ್ಯಕ್ಷರು ಉಡುಪಿ ಕಡೆಯ ಹೋಟೆಲಿನವರು. ಅವರು ಬಾಯಿಯವರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಭಾರೀ ಲಾಯ್ಕ ಆಗಿದೆ ಮಾರಾಯ್ತಿ. ಅಕ್ಷರ ಎಲ್ಲ ಎಷ್ಟು ಕ್ಲಿಯರ್ ಉಂಟು. ಎಲ್ಲಿ ಕಲ್ತದ್ದು ನೀವು ಇದು?"

"ಕಂಪನಿಯಲ್ಲಿ. ಅಕ್ಷರ ಕಲಿತದ್ದು ಇದೇ ಶಾಲೆಯಲ್ಲಿ" ಎಂದೆ.

"ಅದೇ ನಾನು ಹೇಳುದು. ಕಂಪನಿಯಲ್ಲಿ ಈಗ ನೀವು ಎಲ್ಲ ಇಂಗ್ಲಿಷಲ್ಲೇ ಮಾಡುದಲ್ವಾ? ಹೊಟ್ಟೆಗೆ ಹಾಕುದು ಅದೇ ಅಲ್ವಾ?"

ಸುತ್ತಲಿದ್ದವರು ನಕ್ಕರು. ಇನ್ನೊಬ್ಬ ಟ್ರಸ್ಟಿ, "ಒಳ್ಳೆ ಪಾಯಿಂಟ್" ಎಂದರು. ಬಾಯಿ ಇನ್ನೂ ಪರದೆಯ ಪಕ್ಕದಲ್ಲೇ ನಿಂತಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಕೊಡೋಣವೆಂದು ಕಾಯುತ್ತಿದ್ದರು. ಯಾರೂ ಕೇಳಲಿಲ್ಲ. ಚಹಾ ಬಂತು. ಚಹಾ ಕುಡಿಯುತ್ತ ಅಧ್ಯಕ್ಷರು ನನಗೆ, ಇಂಗ್ಲಿಷ್ ಮಾಧ್ಯಮದ ಉದ್ಘಾಟನೆಗೂ ಇಂಥದ್ದೇ ಒಂದು ಮಾಡಿಕೊಡಬೇಕು ಎಂದರು. ಹೊಸ ಶಾಲೆಯ ಆಮಂತ್ರಣ ಆಗಲೇ ಅಚ್ಚಿಗೆ ಹೋಗಿತ್ತೆಂದು ಅವರೇ ಹೇಳಿದಾಗ ನಮಗೆ ಗೊತ್ತಾಯಿತು.

ನಾನು ಆಗುವುದಿಲ್ಲ ಎಂದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ.

ಉದ್ಘಾಟನೆ ಠಾಣೆಯ ಒಂದು ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆಯಿತು. ಮುಂಬಯಿಯಿಂದ ದಾನಿಗಳು ಬರುವುದಿತ್ತು. ಶಾಲೆಯ ಸಿಬ್ಬಂದಿ ಎಲ್ಲರೂ ಬರಲೇಬೇಕೆಂದು ಹೇಳಿದ್ದರಿಂದ ಬಾಯಿ ಹೋಗಬೇಕಾಯಿತು. ಒಬ್ಬರೇ ಹೋಗುವುದು ಬೇಡವೆಂದು ನಾನೂ ಹೋದೆ. ದೀಪ ಆರಿತು. ಪರದೆಯ ಮೇಲೆ ನಮ್ಮ ಮಕ್ಕಳೇ ಕಂಡರು. ಕೈಯೆತ್ತಿ ನಿಂತವರು, ಬಾಗಿ ಬರೆಯುತ್ತಿರುವವರು. ಶಾಲೆಯ ಕಂಪ್ಯೂಟರಿನಲ್ಲಿದ್ದುದನ್ನು ಹಾಗೆಯೇ ತಂದು, ಮೇಲೆ ಇಂಗ್ಲಿಷಿನಲ್ಲಿ 'ನಾಳೆಯ ನಾಯಕರು' ಎಂದು ಬರೆದಿದ್ದರು. ಅಕ್ಷರಗಳು ಒಂದೊಂದಾಗಿ ಗಿರಕಿ ಹೊಡೆಯುತ್ತ ಬಂದು ಕೂರುತ್ತಿದ್ದವು, ಜೊತೆಗೆ ಗಾಜು ಒಡೆದಂಥ ಸದ್ದು. ಒಂದು ಸ್ಲೈಡಿನ ಕೆಳಗಿನ ಕನ್ನಡದ ಸಾಲನ್ನು ಅಳಿಸಲು ಮರೆತಿದ್ದರು. ಸಭಾಂಗಣದ ಕಂಪ್ಯೂಟರಿನಲ್ಲಿ ನಮ್ಮ ಅಕ್ಷರಗಳು ಇರಲಿಲ್ಲವಲ್ಲ, ಅದು ಆವರಣ, ನಕ್ಷತ್ರ, ಪ್ರಶ್ನಾರ್ಥಕಗಳ ಸರಮಾಲೆಯಾಗಿ ಕಂಡಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ತಂದೆಯನ್ನು, "ಪಪ್ಪಾ, ಯೇ ಕ್ಯಾ ಲಿಖಾ ಹೈ?" ಎಂದು ಹಿಂದಿಯಲ್ಲಿ ಕೇಳಿದಳು, ಇದೇನು ಬರೆದಿದೆ ಎಂದು. "ವೈರಸ್ ಇರ್ಬೇಕು" ಎಂದು ಅವರು ಕನ್ನಡದಲ್ಲೇ ಹೇಳಿದರು.

ನನಗೆ ಎದ್ದು ಹೋಗಿ ತಂತಿ ಕಿತ್ತು ಹಾಕೋಣ ಅನ್ನಿಸಿತು. ಬಾಯಿ ನನ್ನ ಮೊಣಕೈ ಹಿಡಿದುಕೊಂಡರು.

ವಾಪಸ್ಸು ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇಬ್ಬರಿಗೂ ಬಾಗಿಲ ಹತ್ತಿರವೇ ನಿಲ್ಲಲು ಜಾಗ ಸಿಕ್ಕಿತು. ಮುಂಬ್ರಾದ ಗುಡ್ಡ ದಾಟಿದ ಮೇಲೆ ಬಾಯಿ, "ಮಕ್ಳು ಚೊಲೋ ಕಾಣಸ್ತಿದ್ರು. ನಿನ್ನ ಕೆಲಸ ಛಂದ ಆಗಿತ್ತು" ಎಂದರು.

"ಬಾಯಿ, ಅವ್ರು ಕದ್ದದ್ದು ಅದು."

"ನಾನೂ ನೋಡೀನವ್ವಾ. ನಾ ಏನು ಕುರುಡಿ ಏನು? ಆ ಇಂಗ್ಲಿಷ್ ಸಾಲ್ಯಾಗ ಆ ಮಕ್ಳಿಗೆ ಸೀಟು ಕೊಡ್ತಾರೇನು ಅಂತ ನಿನ್ನೆ ಕೇಳೀನಿ. ಇಂಟರ್‌ವ್ಯೂ ಐತಂತ. ತಂದಿ ತಾಯಿಗೂ ಇಂಗ್ಲಿಷ್ ಬರಬೇಕಂತ."

ಜೂನಿನಲ್ಲಿ ಆ ಮಕ್ಕಳಲ್ಲಿ ಕೆಲವರು ಮರಾಠಿ ಶಾಲೆಗೆ ಸೇರಿದರು. ಕೆಲವರನ್ನು ಊರಿಗೆ ಅಜ್ಜಿಯ ಹತ್ತಿರ ಕಳಿಸಿದರು. ಉಳಿದವರು ಏನಾದರೋ ಬಾಯಿಯವರಿಗೂ ತಿಳಿಯಲಿಲ್ಲ. ಕನ್ನಡದ ಮೇಲಿನ ತರಗತಿಗಳು ಒಂದೊಂದಾಗಿ ಮುಗಿಯುವವರೆಗೆ ಬಾಯಿಯವರನ್ನು ಹಿಂದಿನ ಒಂದು ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಶಾಲು ಹೊದಿಸಿ ಕಳಿಸಿದರು. ಆ ಸಮಾರಂಭಕ್ಕೂ ಸ್ಲೈಡು ಮಾಡಿಕೊಡಿ ಎಂದು ಅಧ್ಯಕ್ಷರು ನನಗೆ ಹೇಳಿಕಳಿಸಿದ್ದರು. ರಜೆ ಸಿಗುವುದಿಲ್ಲ ಎಂದೆ. ಬೇರೆ ಯಾರನ್ನೋ ಹುಡುಕಿಕೊಂಡರು. ಕಷ್ಟವೇನೂ ಆಗಲಿಲ್ಲವಂತೆ.